ಲಕ್ಸರ್‌ಗೆ ರಾತ್ರಿ ಬಸ್ಸು ಹತ್ತಬೇಡಿ, ದೈರ್ ಅಲ್-ಮದೀನಾ ತಪ್ಪಿಸಬೇಡಿ

ಈಜಿಪ್ಟಿಗೆ ಹೊರಟಿರುವವರಿಗೆ ಮೊದಲ ಮಾತು. ಕೈರೋದಿಂದ ಹಳೇ ಗುಡಿ, ಸಮಾಧಿಗಳ ಊರಾದ ಲಕ್ಸರ್‌ಗೆ ರಾತ್ರಿ ಬಸ್ಸಿನಲ್ಲಿ ಹೋಗಬೇಡಿ. ನಾನು, ನನ್ನ ಹೆಂಡತಿ ಇಬ್ಬರೂ ಅನುಭವಿಸಿ ಬಂದಿದ್ದೇವೆ. ಸುಮಾರು 650 ಕಿಲೋಮೀಟರ್ ದಾರಿ. ಟಿಕೆಟ್ ಕೊಡುವಾಗ ಫೋನಿನಲ್ಲಿ ತೋರಿಸಿದ್ದು ಅಗಲ ಸೀಟಿನ ಹೊಸ ಬಸ್ಸು. ರಾತ್ರಿ ಹನ್ನೊಂದಕ್ಕೆ ಬಂದು ನಿಂತಿದ್ದು ಬೇರೆಯದೇ. ನನ್ನ ಸೀಟು ಹಿಂದಕ್ಕೆ ಬಾಗಲೇ ಇಲ್ಲ, ಮುಂದಿನವರ ಸೀಟು ಮಾತ್ರ ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು. ಬ್ಯಾಗಿಗೆ ಬೇರೆ ದುಡ್ಡು ಕೇಳಿದರು, ರಸೀದಿ ಇಲ್ಲ. ಜನವರಿ ಚಳಿಯಲ್ಲಿ ಏಸಿ ಹಾಕಿದ್ದರು, ಕಡಿಮೆ ಮಾಡಿ ಅಂತ ಎರಡು ಸಲ ಕೇಳಿದರೂ ಮಾಡಲಿಲ್ಲ. ಪೊಲೀಸ್ ಚೆಕ್‌ಪೋಸ್ಟ್ ಬಂದಾಗಲೆಲ್ಲ ಲೈಟು ಹಾಕಿ ಎಲ್ಲರನ್ನೂ ಎಬ್ಬಿಸುತ್ತಿದ್ದರು, ಒಟ್ಟು ಐದು ಸಲ. ಬೆಳಿಗ್ಗೆ ಇಳಿದಾಗ ನನ್ನ ಹೆಂಡತಿಯ ಕಾಲು ಊದಿತ್ತು. ಆ ದಿನ ಪೂರ್ತಿ ರೂಮಿನಲ್ಲಿ ಮಲಗಿದ್ದೇ ಆಯಿತು.

ರೈಲಿನಲ್ಲಿ ಹೋಗಿ. ವಿದೇಶಿಯರಿಗೆ ದರ ಜಾಸ್ತಿ, ಆದರೂ ರೈಲೇ ವಾಸಿ. ಹಗಲಿನ ರೈಲಾದರೆ ಇನ್ನೂ ಒಳ್ಳೆಯದು. ವಾಪಸ್ ಬರುವಾಗ ನಾವು ಹಾಗೇ ಬಂದೆವು. ಕಬ್ಬು, ಗೋಧಿ, ಈಚಲು ತೋಪು, ಕತ್ತೆ ಮೇಲೆ ಮೇವು ಹೊತ್ತು ಹೋಗುವ ಹುಡುಗರು, ಇವನ್ನೆಲ್ಲ ಕಿಟಕಿಯಲ್ಲೇ ನೋಡಬಹುದು. ನಡುವೆ ಮಿನ್ಯಾ ಪ್ರಾಂತ್ಯ ಬರುತ್ತದೆ, ಅಲ್ಲಿ ಬಹ್ನಸಾ ಅಂತ ಒಂದು ಊರಿದೆ. ಹಳೆಯ ಆಕ್ಸಿರಿಂಕಸ್ ಅದೇ. ಅಲ್ಲಿನ ತಿಪ್ಪೆಗುಂಡಿಗಳಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದ ಪಪೈರಸ್ಸಿನಲ್ಲಿ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಕನ್ನಡ ಮಾತುಗಳಿವೆ ಅಂತ ಶಾಮಶಾಸ್ತ್ರಿಗಳು ವಾದಿಸಿದ್ದರು, ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಆ ಕಡೆ ಹೋಗುವ ಕನ್ನಡಿಗರು ಒಂದು ಸಲ ನೆನೆಸಿಕೊಳ್ಳಬೇಕು.

ಪಿರಮಿಡ್ಡಿನ ಬಗ್ಗೆ ಬರೆಯುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ನನಗೆ ಜನಜಂಗುಳಿ ಆಗಿಬರುವುದಿಲ್ಲ. ಹಾಗಾಗಿ ನನ್ನ ಸಲಹೆಗಳೆಲ್ಲ ಜನ ಕಡಿಮೆ ಇರುವ ಕಡೆಗೇ ವಾಲುತ್ತವೆ, ಇದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಲಕ್ಸರ್ ದೇವಾಲಯಕ್ಕೆ ಎಲ್ಲರೂ ಹೋಗುತ್ತಾರೆ. ಹೋದವರು ಎರಡನೇ ರಾಮ್ಸೆಸ್ ರಾಜನ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ. ಗೋಡೆಯ ಮೇಲೆ, ಏಣಿ ಇಟ್ಟರೂ ಸಿಗದಷ್ಟು ಎತ್ತರದಲ್ಲಿ, ಒಂದು ಬಾಗಿಲಿದೆ. ಕೆಳಗೆ ಮೆಟ್ಟಿಲಿಲ್ಲ, ಏನೂ ಇಲ್ಲ. ಅದು ಅಬು ಹಗ್ಗಾಗ್ ಮಸೀದಿಯ ಹಳೇ ಬಾಗಿಲು. 13ನೇ ಶತಮಾನದಲ್ಲಿ ಮಸೀದಿ ಕಟ್ಟುವ ಹೊತ್ತಿಗೆ ದೇವಾಲಯ ಮಣ್ಣಿನಲ್ಲಿ ಹೂತುಹೋಗಿತ್ತು, ಮೇಲೆ ಊರು ಬೆಳೆದಿತ್ತು, ಅವರಿಗೆ ನೆಲ ಅಲ್ಲಿಯೇ ಇತ್ತು. 1880ರ ದಶಕದಿಂದ ಮಣ್ಣು ಅಗೆಯುತ್ತಾ ಬಂದರು, ನೆಲ ಕೆಳಗೆ ಹೋಯಿತು, ಬಾಗಿಲು ಮೇಲೆ ಉಳಿಯಿತು. ಈಜಿಪ್ಟಿನ ಸಮಾಜ ಹೇಗೆ ಬದಲಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ. ಅಮುನ್ ದೇವರ ಗುಡಿ, ಆಮೇಲೆ ರೋಮನ್ ಸೈನಿಕರ ಕೋಟೆ, ಆಮೇಲೆ ಚರ್ಚು, ಆಮೇಲೆ ಮಸೀದಿ. ಭಾಷೆ ಹೋಯಿತು, ದೇವರು ಎರಡು ಸಲ ಬದಲಾದರು, ಪೂಜೆ ಪ್ರಾರ್ಥನೆ ಮಾತ್ರ ಅದೇ ಜಾಗದಲ್ಲಿ ನಡೆಯುತ್ತಲೇ ಬಂದಿದೆ. ಹಿಂದೆ ಓಪೆತ್ ಹಬ್ಬದಲ್ಲಿ ದೇವರನ್ನು ದೋಣಿಯಲ್ಲಿ ಕೂರಿಸಿ ಹತ್ತಿರದ ಕಾರ್ನಾಕ್ ಗುಡಿಯಿಂದ ಇಲ್ಲಿಗೆ ತರುತ್ತಿದ್ದರು. ಈಗ ಅಬು ಹಗ್ಗಾಗ್ ಸಂತರ ಉತ್ಸವದಲ್ಲೂ ದೋಣಿಗಳನ್ನು ಬೀದಿಯಲ್ಲಿ ಎಳೆಯುತ್ತಾರೆ, ನಮ್ಮ ತೇರಿನ ಹಾಗೆ. ಮಸೀದಿಯ ಒಳಗೂ ಹೋಗಬಹುದು, ದಾರಿ ಹೊರಗಿನ ರಸ್ತೆಯಿಂದ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಒಳಗಿನ ಕಂಬಗಳ ಮೇಲೆ ಹಳೇ ಚಿತ್ರಲಿಪಿ ಹಾಗೇ ಇದೆ.

ದೇವಾಲಯದ ಹೊರಗೆ ಕುದುರೆ ಗಾಡಿಯವರು ಮುತ್ತಿಕೊಳ್ಳುತ್ತಾರೆ. ನಾವು 150 ಪೌಂಡಿಗೆ ಒಪ್ಪಿ ಹತ್ತಿದೆವು. ರೂಮಿಗೆ ಬಿಡುವ ಬದಲು ಮಸಾಲೆ ಅಂಗಡಿಗೆ ಕರೆದುಕೊಂಡು ಹೋದ. ಇಳಿಯುವಾಗ 150 ಒಬ್ಬರಿಗೆ, ಕುದುರೆಗೆ ಬೇರೆ ಬಕ್ಷೀಸು ಅಂದ. ಜಗಳವಾಡಿ 250 ಕೊಟ್ಟು ಬಂದೆ. ಹತ್ತುವ ಮುಂಚೆ ‘ಇಬ್ಬರಿಗೂ ಸೇರಿ, ಎಲ್ಲೂ ನಿಲ್ಲಿಸದೆ, ಈಜಿಪ್ಟಿನ ಪೌಂಡು’ ಅಂತ ಮೂರೂ ಮಾತು ಸ್ಪಷ್ಟವಾಗಿ ಹೇಳಿಸಿಕೊಳ್ಳಿ. ಆ ರಾತ್ರಿ ತುಂಬಾ ಸಿಟ್ಟಿನಲ್ಲಿದ್ದೆ. ಆದರೆ 2022ರ ಆರಂಭದಲ್ಲಿ ಡಾಲರಿಗೆ 16ರ ಆಸುಪಾಸು ಇದ್ದ ಪೌಂಡು 2024ರ ಮಾರ್ಚ್ ಆದಮೇಲೆ 50ರ ಹತ್ತಿರ ಹೋಗಿದೆ. ಅಂಥ ಊರಿನಲ್ಲಿ ಗಾಡಿ ಓಡಿಸಿ ಕುದುರೆಗೆ ಮೇವು ಹಾಕುವುದು ಎಷ್ಟು ಕಷ್ಟ ಅನ್ನುವುದು ಮರುದಿನ ದೈರ್ ಅಲ್-ಮದೀನಾದಲ್ಲಿ ನಿಂತಾಗ ಮನಸ್ಸಿಗೆ ತಟ್ಟಿತು.

ಅದು ರಾಜರ ಕಣಿವೆಯ ಸಮಾಧಿಗಳನ್ನು ಕೊರೆದ, ಬಣ್ಣ ಬಳಿದ ಕೆಲಸಗಾರರ ಊರು. ಗೋಡೆಯೊಳಗೆ ಸುಮಾರು 70 ಮನೆ. ಈಗ ಗೋಡೆಗಳ ಬುಡ ಮಾತ್ರ ಉಳಿದಿದೆ, ನಡುವೆ ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಸಣ್ಣ ಓಣಿ. ನೀರಿಲ್ಲದ ಜಾಗ, ಕತ್ತೆಗಳ ಮೇಲೆ ನೀರು ತರಿಸುತ್ತಿದ್ದರು. ಕೂಲಿ ದುಡ್ಡಲ್ಲ, ಧಾನ್ಯ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ಐದೂವರೆ ಮೂಟೆ: ನಾಲ್ಕು ರೊಟ್ಟಿಯ ಗೋಧಿ, ಒಂದೂವರೆ ಬಿಯರ್ ಮಾಡುವ ಬಾರ್ಲಿ. ಆ ಗೋಧಿ ಯಾವುದು ಗೊತ್ತಾ, ನಮ್ಮ ಧಾರವಾಡ, ಬೆಳಗಾವಿ ಕಡೆಯ ಜವೆಗೋಧಿ! ನಮ್ಮನೆಯಲ್ಲಿ ಹುಗ್ಗಿ ಮಾಡುವುದು ಅದರಲ್ಲೇ. ಮೂರನೇ ರಾಮ್ಸೆಸ್ ಆಳಿದ 29ನೇ ವರ್ಷ, ಅಂದರೆ ಕ್ರಿಸ್ತಪೂರ್ವ 12ನೇ ಶತಮಾನದಲ್ಲಿ, ಆ ಧಾನ್ಯ ಸಮಯಕ್ಕೆ ಬರಲಿಲ್ಲ. ಇವರು ಕೆಲಸ ಬಿಟ್ಟು ಹತ್ತಿರದ ಗುಡಿಗಳ ಹಿಂದೆ ಹೋಗಿ ಕೂತರು. ಹಸಿವಾಗಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ರಾಜನಿಗೆ ತಿಳಿಸಿ ಅಂದರು. ದಾಖಲೆ ಇರುವ ಮೊದಲ ಮುಷ್ಕರ ಇದು. ಅದರ ಪಪೈರಸ್ ಈಗ ಇಟಲಿಯ ಟ್ಯುರಿನ್‌ನಲ್ಲಿದೆ.

ಅದೇ ಊರಿನ ನೌನಖ್ತೆ ಅನ್ನುವ ಮುದುಕಿಯ ಉಯಿಲೂ ಉಳಿದಿದೆ. ಎಂಟು ಮಕ್ಕಳನ್ನು ಸಾಕಿದವಳು. ವಯಸ್ಸಾದಾಗ ನೋಡಿಕೊಂಡವರಿಗೆ ಆಸ್ತಿ, ನೋಡಿಕೊಳ್ಳದವರಿಗೆ ನನ್ನ ಪಾಲಿನಲ್ಲಿ ಏನೂ ಇಲ್ಲ ಅಂತ ಊರ ಪಂಚರ ಮುಂದೆ ಬರೆಸಿದ್ದಾಳೆ. ಮೂರು ಸಾವಿರ ವರ್ಷದ ಹಿಂದೆ ಹೆಂಗಸಿನ ಹೆಸರಲ್ಲಿ ಆಸ್ತಿ, ಅದನ್ನು ಯಾರಿಗೆ ಕೊಡಬೇಕು ಅನ್ನುವ ಹಕ್ಕು! ಆಮೇಲೆ ಎಷ್ಟೋ ಸಾವಿರ ವರ್ಷ ಬಿಟ್ಟು, 1956ರಲ್ಲಿ ಈಜಿಪ್ಟಿನ ಹೆಂಗಸರಿಗೆ ಮತದ ಹಕ್ಕು ಬಂತು. ಗಂಡನ ಒಪ್ಪಿಗೆ ಇಲ್ಲದೆ ಬಿಡುಗಡೆ ಕೇಳುವ ಖುಲಾ ಕಾನೂನು ಬಂದದ್ದು 2000ದಲ್ಲಿ. ಸಮಾಜ ಒಂದೇ ದಿಕ್ಕಿನಲ್ಲಿ ಮುಂದೆ ಹೋಗುತ್ತದೆ ಅಂದುಕೊಂಡಿದ್ದೆ, ಹಾಗಲ್ಲ ಅಂತ ಗೊತ್ತಾಯಿತು.

ಅದೇ ಊರಿನ ಕೆಲಸಗಾರ ಸೆನ್ನೆಜೆಮ್‌ನ ಸಮಾಧಿಗೆ ಇಳಿಯಿರಿ. ಮೆಟ್ಟಿಲು ಕಡಿದು, ಬೆನ್ನು ಬಗ್ಗಿಸಬೇಕು, ಮೊಣಕಾಲು ನೋವಿದ್ದವರಿಗೆ ಕಷ್ಟ. ಕೆಳಗೆ ಪುಟ್ಟ ಕೋಣೆ. ಒಂದು ಗೋಡೆಯಲ್ಲಿ ಅವನು ಎರಡು ಹಸು ಕಟ್ಟಿ ನೇಗಿಲು ಹೊಡೆಯುತ್ತಿದ್ದಾನೆ, ಹಿಂದೆ ಹೆಂಡತಿ ಬೀಜ ಚೆಲ್ಲುತ್ತಾ ಬರುತ್ತಿದ್ದಾಳೆ. ಬಣ್ಣ ನಿನ್ನೆ ಬಳಿದ ಹಾಗಿದೆ. ನನ್ನ ಹೆಂಡತಿ ರೈತರ ಮನೆಯವಳು, ಕೂರಿಗೆ ಹಿಂದೆ ಬೀಜ ಬಿಟ್ಟವಳು, ಅದರ ಮುಂದಿನಿಂದ ಕದಲಲಿಲ್ಲ. ನಾವಿದ್ದಷ್ಟು ಹೊತ್ತು ಅಲ್ಲಿಗೆ ಬಂದವರು ನಾಲ್ಕೇ ಜನ. ಟಿಕೆಟ್ಟು ಮೆಮ್ನಾನ್ ಮೂರ್ತಿಗಳನ್ನು ದಾಟಿದ ಮೇಲೆ ಸಿಗುವ ಕಚೇರಿಯಲ್ಲಿ ಕೊಳ್ಳಬೇಕು, ಕಾರ್ಡ್ ಇಟ್ಟುಕೊಂಡಿರಿ, ಬಹಳ ಕಡೆ ನಗದು ತೆಗೆದುಕೊಳ್ಳುವುದಿಲ್ಲ.

ಅಲ್ಲೇ ಹತ್ತಿರದ ಗುಡ್ಡದ ಮೇಲೆ ಕುರ್ನಾ ಅನ್ನುವ ಊರಿತ್ತು, ಸಮಾಧಿಗಳ ಮೇಲೆಯೇ ಜನ ಮನೆ ಕಟ್ಟಿಕೊಂಡಿದ್ದರು. 2006ರಿಂದೀಚೆಗೆ ಹೆಚ್ಚಿನ ಮನೆಗಳನ್ನು ಕೆಡವಿ ಅವರನ್ನು ಬೇರೆ ಕಡೆ ಸಾಗಿಸಿದರು. ಉಳಿದ ಕೆಲವು ಗೋಡೆಗಳ ಮೇಲೆ ಹಜ್‌ಗೆ ಹೋಗಿಬಂದ ಚಿತ್ರಗಳಿವೆ: ವಿಮಾನ, ಹಡಗು, ಕಾಬಾ. ಸಮಾಧಿಯೊಳಗೆ ಪರಲೋಕದ ಪ್ರಯಾಣ, ಮೇಲಿನ ಮನೆಯ ಗೋಡೆಯಲ್ಲಿ ಮೆಕ್ಕಾ ಪ್ರಯಾಣ. ನಿಂತು ನೋಡಿ.

ಈಗ ಊಟ. ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಫೆರಿ ಇಳಿದು ಹತ್ತು ನಿಮಿಷ ನಡೆದರೆ, ಕಬ್ಬಿನ ಗದ್ದೆಗೆ ತಾಗಿದ ಒಂದು ಮನೆಯಲ್ಲಿ ಊಟ ಹಾಕುತ್ತಾರೆ. ಬೋರ್ಡಿಲ್ಲ, ನಾಲ್ಕು ಮೇಜು. ನಡೆಸುವವರನ್ನು ಎಲ್ಲರೂ ‘ಹಗ್ಗಾ’ ಅಂತಾರೆ, ಹಜ್ ಮಾಡಿಬಂದ ಹಿರಿಯ ಹೆಂಗಸರನ್ನು ಕರೆಯುವ ರೀತಿ ಅದು. ಅಂಗಳದಲ್ಲಿ ಮಣ್ಣಿನ ಒಲೆ. ಪಕ್ಕದ ಮಾಳಿಗೆಯ ಮೇಲೆ ಮಣ್ಣಿನ ತಟ್ಟೆಗಳಲ್ಲಿ ಹಿಟ್ಟಿನ ಮುದ್ದೆಗಳನ್ನು ಬಿಸಿಲಿಗೆ ಇಟ್ಟಿದ್ದರು. ಬಿಸಿಲಲ್ಲೇ ಉಬ್ಬುತ್ತದೆ, ಅದಕ್ಕೆ ‘ಐಶ್ ಶಮ್ಸಿ’, ಬಿಸಿಲು ರೊಟ್ಟಿ ಅಂತ ಹೆಸರು. ಉಬ್ಬಿದ ಮೇಲೆ ಹಗ್ಗಾ ಸುತ್ತಲೂ ಅಂಚಿಗೆ ಚಾಕುವಿನಿಂದ ಕಚ್ಚು ಹಾಕಿ ಒಲೆಗೆ ಹಾಕಿದರು. ದಪ್ಪ, ಒಳಗೆ ಮೆತ್ತಗೆ, ಸ್ವಲ್ಪ ಹುಳಿ. ಜೊತೆಗೆ ಜೀರಿಗೆ, ನಿಂಬೆಹಣ್ಣು, ಎಣ್ಣೆ ಹಾಕಿದ ಫೂಲ್ (ಒಂದು ತರಹದ ದಪ್ಪ ಅವರೆ, ರಾತ್ರಿಯಿಡೀ ಬೇಯಿಸಿದ್ದು), ಎಳ್ಳಿನ ತಹೀನಾ, ಉಪ್ಪಿನಕಾಯಿ, ಈರುಳ್ಳಿ. ನಾವು ಮೂರು ದಿನ ಮಧ್ಯಾಹ್ನ ಅಲ್ಲೇ ಉಂಡೆವು. ಇಬ್ಬರಿಗೂ ಸೇರಿ ಕೊಟ್ಟಿದ್ದು ಕುದುರೆ ಗಾಡಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಬೇರೆ ಅರಬ್ಬರು ರೊಟ್ಟಿಗೆ ‘ಖುಬ್ಜ್’ ಅಂತಾರೆ. ಈಜಿಪ್ಟಿನವರು ‘ಐಶ್’ ಅಂತಾರೆ, ಅಂದರೆ ಬದುಕು. 1977ರಲ್ಲಿ ಸಬ್ಸಿಡಿ ಕಡಿಮೆ ಮಾಡಿದಾಗ ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. 2011ರ ಕ್ರಾಂತಿಯಲ್ಲಿ ಕೈರೋದ ತಹ್ರೀರ್ ಚೌಕದ ಘೋಷಣೆಯ ಮೊದಲ ಪದವೇ ಐಶ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ 5 ಪಿಯಾಸ್ತರ್ (ಪೌಂಡಿನ ನೂರನೇ ಒಂದು ಭಾಗ ಒಂದು ಪಿಯಾಸ್ತರ್) ಇದ್ದ ಪಡಿತರ ರೊಟ್ಟಿ 2024ರ ಜೂನ್‌ನಲ್ಲಿ 20 ಆಯಿತು. ಒಂದು ಕಾಲದಲ್ಲಿ ರೋಮಿಗೆ ಅನ್ನ ಹಾಕಿದ ನೆಲ ಇವತ್ತು ಹೊರಗಿನಿಂದ ಅತಿ ಹೆಚ್ಚು ಗೋಧಿ ತರಿಸುವ ದೇಶಗಳಲ್ಲಿ ಒಂದು. ಹಗ್ಗಾ ಅವರ ಮಗ ರೈತ, ತಿಂಗಳುಗಳನ್ನು ಇವತ್ತಿಗೂ ತೂಬಾ, ಅಮ್ಶೀರ್ ಅಂತ ಹಳೇ ಹೆಸರಿನಲ್ಲೇ ಎಣಿಸುತ್ತಾನೆ, ನಮ್ಮವರು ಮೃಗಶಿರಾ, ಆರಿದ್ರಾ ಅಂತ ಮಳೆ ಎಣಿಸುವ ಹಾಗೆ. ಗೋಧಿ ಬಿತ್ತುವುದು ಹತೂರ್‌ನಲ್ಲಿ, ಅದು ಚೆಲ್ಲಿದ ಚಿನ್ನದ ತಿಂಗಳು ಅಂದ. ಹತೂರ್ ಅಂದರೆ ಹಥೋರ್ ದೇವಿಯ ಹೆಸರು. ನೈಲ್ ಪ್ರವಾಹ ಮಾತ್ರ ಅವನು ಕಂಡಿಲ್ಲ. 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿಯಿತು, ಹೊಸ ಮಣ್ಣು ಬರುವುದು ನಿಂತಿತು, ಈಗ ಗೊಬ್ಬರದ ಚೀಲ ಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಒಂದು ಪದ ಹೇಳಿಕೊಡುತ್ತೇನೆ: ‘ಸಿಯಾಮಿ’. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಉಪವಾಸ ಮಾಡುತ್ತಾರೆ, ಆಗ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಸಿಯಾಮಿ ಊಟ ಅಂದರೆ ಹೋಟೆಲಿನವರಿಗೆ ತಕ್ಷಣ ತಿಳಿಯುತ್ತದೆ. ಕೆಲವು ಉಪವಾಸಗಳಲ್ಲಿ ಮೀನು ನಡೆಯುತ್ತದೆ, ಅದಕ್ಕೇ ಮೀನೂ ಬೇಡ ಅಂತ ಸೇರಿಸಿ ಹೇಳಿ. ಕೈರೋದಲ್ಲಾದರೆ ಕೊಶರಿ ಇದ್ದೇ ಇದೆ, ಅನ್ನ, ಮಸೂರ ಬೇಳೆ, ಮ್ಯಾಕರೋನಿ, ಕರಿದ ಈರುಳ್ಳಿ. ನಮ್ಮ ಕಿಚಡಿಯೇ ಅಲ್ಲಿಗೆ ಹೋಗಿ ಹೀಗಾಯಿತು ಅನ್ನುತ್ತಾರೆ.

ಹೊರಡುವ ದಿನ ಹಗ್ಗಾ ಎರಡು ಬಿಸಿಲು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ರೈಲಿನಲ್ಲಿ ಒಂದು ತಿಂದೆವು. ಇನ್ನೊಂದು ಮರುದಿನ ಕೈರೋದಲ್ಲೂ ಚೆನ್ನಾಗಿತ್ತು.