ಮಲ್ಲಾ ಏನ್ ಮುಲ್ಲಾ?

ನಮ್ಮ ಮುತ್ಯಾನ ಮುತ್ಯಾ ಎಲ್ಲಿಂದ ಬಂದಾ ಅಂತ ಕೇಳಿದ್ರ ಮನ್ಯಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರ, ಆಯಿ ಸೊಲ್ಲಾಪುರ ಕಡಿಯಂವ ಅಂತಿದ್ಳು, ಕಾಕಾ ಇಲ್ಲ ರತ್ನಾಗಿರಿ ಅಂತಾನ, ಹಳಿ ಹಾಕೋ ಗ್ಯಾಂಗಿನ ಜೋಡಿ ಬಂದು ಕಲಬುರಗಿ ಕಡಿ ವಾಡಿಯಾಗ ಉಳ್ಕೊಂಡಾ ಅನ್ನೋದು ಮಾತ್ರ ಎಲ್ಲರೂ ಒಪ್ತಾರ. ಬಾಂಬೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಲೈನ್ ರಾಯಚೂರು ಮುಟ್ಟಿದ್ದು 1871ಕ್ಕ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ಕ್ಕ, ಅಂದ್ರ ಆಗ ಅಂವ ಮೀಸಿ ಚಿಗಿಯೋ ಹುಡುಗ ಇದ್ದಿರಬೇಕು. ಈಗ ಸೊಲ್ಲಾಪುರ ಬಾಜೂಕ ಅದ ಅನಸ್ತದ ಖರೆ, ಆಗ ಅದು ಅಂಗ್ರೇಜರ ಸೀಮಿ, ಇದು ನಿಜಾಮರ ಮುಲ್ಕ್, ಇಲ್ಲಿನವರಿಗಿ ಅಂವ ಗೈರ್‌ಮುಲ್ಕಿ, ಅಂದ್ರ ಹೊರಗಿನಂವ.

ನಿನ್ನಿ ಹಳೀ ಟ್ರಂಕಿನಾಗ ಒಂದು ಕಾಗದ ಸಿಕ್ತು. ಎಲ್ಲಾ ಉರ್ದು, ಒಂದು ಮೂಲಿ ಹುಳ ತಿಂದಾವ, ಮಡಚಿದ ಗೆರಿ ಮ್ಯಾಲ ಕೈ ಇಟ್ರ ಹರೀತದ. ದರ್ಗಾ ಕಡಿ ಇರೋ ಒಬ್ಬರು ರಿಟೈರ್ಡ್ ಉರ್ದು ಮಾಸ್ತರ್ ಹತ್ರ ಒಯ್ದೆ. ಕನ್ನಡಕದ ಮ್ಯಾಲ ಮತ್ತ ಭೂತಗನ್ನಡಿ ಹಿಡದು ನೋಡಿದ್ರು, ಫಸಲಿ 1306 ಅಂದ್ರು, ಅದು ನಿಜಾಮರ ಕಾಲದ ಕಂದಾಯದ ವರ್ಷ, 590 ಕೂಡಸಿದ್ರ ಇಸ್ವಿ 1896 ಆಯ್ತು. ಕಾಗದದಾಗಿನ ಹೆಸರಿಗಿ ಬಂದ ಮ್ಯಾಲ ನಿಂತ್ರು. ಮೀಮ್, ಲಾಮ್, ಅಲಿಫ್, ಈ ಮೂರು ಉರ್ದು ಅಕ್ಷರ ಇಷ್ಟೇ ಅದ, ಮ್ಯಾಲ ಕೆಳಗ ಏನೂ ಗುರ್ತು ಹಾಕಿಲ್ಲ, ಮಲ್ಲಾ ಅಂತ ಓದ್ರಿ ಮುಲ್ಲಾ ಅಂತ ಓದ್ರಿ ಎರಡೂ ಬರೋಬ್ಬರಿ ಅದಪಾ ಅಂದು ಚಾ ಕುಡದ್ರು. ನಾ ನಕ್ಕೆ, ಅವರೂ ನಕ್ರು.

ಸಂಜಿಗಿ ಫೋನ್ ಮಾಡಿ ಕಾಕಾಗ ಹೇಳಿದೆ. ಹೆಸರು ಬಿಡೋ, ಅದರಾಗ ಹೊಲದ ನಂಬರ್ ಏನರೆ ಅದ ಏನು ನೋಡು ಅಂದ.