ಪೆರಡಾಲದ ಲಿಫ್ಟರ್

ಮಂಗಳೂರಿನಿಂದ ಕಣ್ಣೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ನೇತ್ರಾವತಿಯ ಸೇತುವೆಯನ್ನು ದಾಟಿ, ಉಳ್ಳಾಲ, ಮಂಜೇಶ್ವರ, ಉಪ್ಪಳಗಳಲ್ಲಿ ನಿಂತು ಕುಂಬಳೆಗೆ ಬರುವಷ್ಟರಲ್ಲಿ ಕೆಂಪು ಮಣ್ಣಿನ ಸಣ್ಣಸಣ್ಣ ಆಟದ ಬಯಲುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಎರಡು ಕಂಬ, ನಡುವೆ ಜೋತುಬಿದ್ದ ಒಂದು ನೆಟ್ಟು, ಅಷ್ಟೇ. ಕಾಸರಗೋಡಿನ ಗುಡ್ಡಗಾಡಿನಲ್ಲಿ ಫುಟ್‌ಬಾಲಿಗೆ ಬೇಕಾದಷ್ಟು ಸಮತಟ್ಟಾದ ಜಾಗ ಸಿಗುವುದು ಕಷ್ಟ. ಆದರೆ 18 ಮೀಟರ್ ಉದ್ದ, 9 ಮೀಟರ್ ಅಗಲದ ಒಂದು ತಟ್ಟನ್ನು ಹತ್ತು ಜನ ಹಾರೆ ಹಿಡಿದರೆ ಕಡಿದುಕೊಳ್ಳಬಹುದು. ಈ ಸೀಮೆಯಲ್ಲಿ ವಾಲಿಬಾಲು ಇಷ್ಟು ಬೇರೂರಿದ್ದಕ್ಕೆ ನನಗೆ ತೋರುವ ಕಾರಣ ಇದೇ. ಮೇ ತಿಂಗಳ ಕೊನೆಯಲ್ಲಿ ನಾನು ಹೊರಟದ್ದು ಅಂಥದೊಂದು ತಟ್ಟನ್ನು ತನ್ನ ಕೈಯಾರೆ ಕಡಿದಿದ್ದ ನನ್ನ ದೊಡ್ಡಪ್ಪನ ವರ್ಷಾಂತಿಕಕ್ಕೆ.

ಬದಿಯಡ್ಕದ ಬಸ್ಸು ಹಿಡಿಯುವ ಮೊದಲು ಕುಂಬಳೆ ಪೇಟೆಯಲ್ಲಿ ಒಬ್ಬರನ್ನು ನೋಡಬೇಕೆಂದು ದೊಡ್ಡಮ್ಮ ಹೇಳಿದ್ದರು. ಹೊರಗಿನವರಿಗೆ ಕುಂಬಳೆ ಎಂದರೆ ಯಕ್ಷಗಾನದ ಪಾರ್ತಿಸುಬ್ಬ, ಇಲ್ಲವೇ ಊರಿನ ಹೆಸರನ್ನು ತನ್ನ ಹೆಸರಿನೊಂದಿಗೆ ಹೊತ್ತು 619 ಟೆಸ್ಟ್ ವಿಕೆಟ್ ಕಿತ್ತ ಅನಿಲ್ ಕುಂಬ್ಳೆ. ನಮ್ಮ ಮನೆಯವರಿಗೆ ಮಾತ್ರ ಅದು ದೊಡ್ಡಪ್ಪನ ತಂಡದ ಊರು. ಅವರು ಆ ತಂಡದ ಲಿಫ್ಟರ್, ಎಂದರೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡನ್ನು ನೆಟ್ಟಿನ ಬಳಿ ಎತ್ತಿಕೊಡುವವರು. ನಾನು ಕಾಣಬೇಕಾಗಿದ್ದವರು ಆ ತಂಡದಲ್ಲಿ ಸ್ಮ್ಯಾಶ್ ಹೊಡೆಯುತ್ತಿದ್ದ ಬ್ಯಾರಿಗಳು, ಈಗ ಮಗನ ಬಟ್ಟೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಕುಳಿತುಕೊಳ್ಳುವ ಹಿರಿಯರು. ಕೂರಿಸಿ, ಲಿಂಬೆ ಶರಬತ್ತು ತರಿಸಿ, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅವರು ಹೇಳಿದ ಮಾತನ್ನು ನಾನು ಹಾಗೆಯೇ ಬರೆದುಕೊಂಡಿದ್ದೇನೆ: "ನಿಮ್ಮ ದೊಡ್ಡಪ್ಪ ಲಿಫ್ಟ್ ಮಾಡಿದರೆ ಬಾಲು ಎಲ್ಲಿ ಬರ್ತದೆ ಅಂತ ನಾವು ನೋಡ್ಲಿಕ್ಕಿಲ್ಲ. ನಾವು ಹಾರಿದರೆ ಆಯ್ತು, ಬಾಲು ಅಲ್ಲಿ ಇರ್ತಿತ್ತು."

ಆಗಿನ ನಿಯಮದಂತೆ ಸರ್ವಿಸ್ ಇರುವ ಪಕ್ಷಕ್ಕೆ ಮಾತ್ರ ಪಾಯಿಂಟು ಸಿಗುತ್ತಿದ್ದುದರಿಂದ 15ಕ್ಕೆ ಮುಗಿಯಬೇಕಾದ ಸೆಟ್ಟು ಎಷ್ಟು ಹೊತ್ತಾದರೂ ಮುಗಿಯದೆ, ಸಂಜೆ ಆರಂಭವಾದ ಪಂದ್ಯ ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಡುರಾತ್ರಿಯವರೆಗೆ ಎಳೆಯುತ್ತಿತ್ತೆಂದು ಅವರು ವಿವರಿಸಿದರು. ಅಂಕಣದಲ್ಲಿ ತುಳು, ಕನ್ನಡ, ಬ್ಯಾರಿ, ಮಲಯಾಳ ಎಲ್ಲವೂ ಕೇಳುತ್ತಿದ್ದವಂತೆ. ದೊಡ್ಡಪ್ಪ ಮಾತ್ರ ಏನೂ ಕೂಗುತ್ತಿರಲಿಲ್ಲ. ಅವರಿಂದ ಕಲಿತ ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು. ಮುರಕಲ್ಲಿನ ನೆಲದ ಮೇಲೆ ಚೆಂಡಿಗಾಗಿ ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಹಳೆಯ ಆಟಗಾರರು ಬೀಳುವುದನ್ನು ಕಲಿಯಲಿಲ್ಲ, ಚೆಂಡು ಬರುವ ಜಾಗಕ್ಕೆ ಚೆಂಡಿಗಿಂತ ಮೊದಲು ಹೋಗಿ ನಿಲ್ಲುವುದನ್ನು ಕಲಿತರು. ಸಂಜೆಯ ಕಡಲಗಾಳಿಗೆ ಎತ್ತರದ ಲಿಫ್ಟು ದಾರಿ ತಪ್ಪುತ್ತದೆಂದು ದೊಡ್ಡಪ್ಪ ಚೆಂಡನ್ನು ನೆಟ್ಟಿನ ಅಂಚಿಗೆ ತಗ್ಗಾಗಿ, ವೇಗವಾಗಿ ಕೊಡುತ್ತಿದ್ದರಂತೆ.

ನಾಯ್ಕಾಪು, ಸೀತಾಂಗೋಳಿ ದಾಟಿ, ಬೇಳದ ಇಗರ್ಜಿಯನ್ನೂ ನೀರ್ಚಾಲನ್ನೂ ಹಾದು ಬದಿಯಡ್ಕ ತಲುಪಿದ ಮೇಲೆ ನಾನು ಮನೆಗೆ ಹೋಗುವ ಮುನ್ನ ಪೆರಡಾಲದ ನವಜೀವನ ಪ್ರೌಢಶಾಲೆಯ ಬಳಿ ಇಳಿದೆ. ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದ ಶಾಲೆ ಅದು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಕೊನೆಯವರೆಗೂ ಹಂಬಲಿಸಿ, 2015ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡ ಆ ಕವಿಯ ಪಾಠವನ್ನು ದೊಡ್ಡಪ್ಪ 1960ರ ದಶಕದಲ್ಲಿ ಇಲ್ಲಿ ಕುಳಿತು ಕೇಳಿದ್ದರು. ಚೆಂಡು ಮೊದಲು ಕೈಗೆ ಬಂದದ್ದೂ ಇದೇ ಊರಿನಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಗಿತ್ತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ನಮ್ಮದು ಕಣ್ಣೂರು ಜಿಲ್ಲೆ. ಹಾಗಾಗಿ ಮಂಗಳೂರನ್ನೇ ತನ್ನ ಪೇಟೆಯೆಂದು ತಿಳಿದು ಬೆಳೆದ ಹುಡುಗ ಜಿಲ್ಲಾ ತಂಡದ ಆಯ್ಕೆಗೆ ದಕ್ಷಿಣದ ರೈಲು ಹತ್ತಿ, ಮಲಯಾಳದಲ್ಲಿ ಹೆಸರು ಕೂಗುವವರ ಮುಂದೆ ನಿಲ್ಲಬೇಕಾಯಿತು. ಅವರು ಆಯ್ಕೆಯಾದರು, ಎರಡು ಹಂಗಾಮು ಆಡಿದರು.

ಕಣ್ಣೂರಿನಲ್ಲಿಯೇ ಅವರು ಜಿಮ್ಮಿ ಜಾರ್ಜ್ ಅವರ ಆಟವನ್ನು ಕಂಡದ್ದು. ಪೇರಾವೂರಿನ ಆ ಆಟಗಾರ 1976ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ಇಟಲಿಯ ಕ್ಲಬ್ಬುಗಳಲ್ಲಿ ಆಡಿದರು, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿದ್ದರು, ಮರುವರ್ಷದ ನವೆಂಬರಿನಲ್ಲಿ ಇಟಲಿಯಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ದೊಡ್ಡಪ್ಪ ನಮಗೆ ಹೇಳುತ್ತಿದ್ದುದು ಪದಕದ ಕಥೆಯನ್ನಲ್ಲ. ಎಂಟು ಮಂದಿ ಅಣ್ಣತಮ್ಮಂದಿರೂ ವಾಲಿಬಾಲ್ ಆಡಿದ ಮನೆಯದು, ಒಂದು ಇಡೀ ತಂಡ ಒಂದೇ ಹಟ್ಟಿಯಿಂದ ಹೊರಡುತ್ತಿತ್ತು ಎಂಬುದನ್ನು ಅವರು ಎಷ್ಟು ಸಲ ಹೇಳಿದರೂ ಅವರ ಕಣ್ಣು ಅರಳುತ್ತಿತ್ತು.

ಮನೆ ಪೇಟೆಯಿಂದ ಒಳಗೆ, ಅಡಿಕೆ ತೋಟದ ಮೇಲಿನ ಅಂಚಿನಲ್ಲಿದೆ. ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದ ಸುರಂಗದಿಂದ ಬೇಸಗೆಯ ಕೊನೆಯಲ್ಲೂ ಬೆರಳು ಗಾತ್ರದ ನೀರು ಹರಿದು ತೊಟ್ಟಿ ಸೇರುತ್ತಿತ್ತು. ತಂದೆ ತೀರಿಕೊಂಡಾಗ ದೊಡ್ಡಪ್ಪನಿಗೆ ಇಪ್ಪತ್ತಮೂರು ವರ್ಷ. ಕ್ರೀಡಾ ಕೋಟಾದಲ್ಲಿ ನೌಕರಿ ಕೊಡುತ್ತೇವೆಂದು ದೂರದ ಊರಿನಿಂದ ಬಂದ ಕರೆ ಕೈಯಲ್ಲಿತ್ತು, ಮನೆಯಲ್ಲಿ ಓದುತ್ತಿದ್ದ ತಮ್ಮಂದಿರೂ ಮದುವೆಯಾಗದ ತಂಗಿಯರೂ ಇದ್ದರು. ಅವರು ಹೋಗಲಿಲ್ಲ. ವರ್ಷಾಂತಿಕದ ಊಟದ ಹೊತ್ತಿಗೆ ಬಂಧುಗಳಲ್ಲಿ ಒಬ್ಬರು ಇದನ್ನು ತ್ಯಾಗವೆಂದು ಕೊಂಡಾಡಿದಾಗ, ಬಡಿಸುತ್ತಿದ್ದ ದೊಡ್ಡಮ್ಮ ಸೌಟನ್ನು ಹಿಡಿದುಕೊಂಡೇ ನಿಂತು ಹೇಳಿದರು: "ಅವರು ಆಟ ಬಿಟ್ಟದ್ದು ಯಾವಾಗ? ಟೂರ್ನಮೆಂಟಿಗೆ ಹೋಗುವುದನ್ನು ಬಿಟ್ಟರು, ಅಷ್ಟೆ. ತಂಗಿಯಂದಿರಿಗೆ ಹೇಳಿಕೊಟ್ಟರು, ಮಕ್ಕಳಿಗೆ ಹೇಳಿಕೊಟ್ಟರು. ಕಳೆದ ವರ್ಷ ಮಹಾಶಿವರಾತ್ರಿಗೂ ಆಡಿದ್ದಾರೆ." ತ್ಯಾಗವೆಂಬ ಮಾತಿನಲ್ಲಿ ಕಳೆದುಕೊಂಡವನ ಕೊರಗಿನ ನೆರಳಿದೆ, ಆ ಕೊರಗನ್ನು ನಾನು ಅವರ ಮುಖದಲ್ಲಿ ಎಂದೂ ಕಾಣಲಿಲ್ಲವಾದ್ದರಿಂದ ದೊಡ್ಡಮ್ಮನ ಮಾತೇ ಸರಿಯೆಂದು ನಂಬುತ್ತೇನೆ.

ಮಧ್ಯಾಹ್ನ ದೊಡ್ಡಮ್ಮ ಕಪಾಟಿನಿಂದ ಒಂದು ಕಡತ ತೆಗೆದು ನನ್ನ ಮುಂದಿಟ್ಟರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಆರಂಭವಾದ ಕ್ಯಾಂಪ್ಕೊದ ಹಳೆಯ ಬಿಲ್ಲುಗಳು ಅದರಲ್ಲಿದ್ದವು. ಪ್ರತಿಯೊಂದು ಬಿಲ್ಲಿನ ಬೆನ್ನಿಗೂ ಆ ಹಣ ಎಲ್ಲಿಗೆ ಹೋಯಿತೆಂದು ದೊಡ್ಡಪ್ಪ ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು: ತಮ್ಮನ ಕಾಲೇಜು ಫೀಸು, ತಂಗಿಯ ಬಾಣಂತನ, ಮೈಲುತುತ್ತು ಮತ್ತು ಸುಣ್ಣ, ದೊಡ್ಡ ಮಗಳ ಹಾಸ್ಟೆಲು, ಅವಳ ಅಮ್ಮನ ಮಂಡಿನೋವಿನ ಮದ್ದು. ನನ್ನ ಅಪ್ಪ ಮಂಗಳೂರಿನಲ್ಲಿ ಓದಿದ ವರ್ಷಗಳ ಬಿಲ್ಲುಗಳನ್ನು ನಾನು ಒಂದೊಂದಾಗಿ ಓದಿದೆ. ಅಲ್ಲಲ್ಲಿ, ಹೆಚ್ಚಾಗಿ ನವೆಂಬರ್ ತಿಂಗಳ ಬಿಲ್ಲುಗಳ ಹಿಂದೆ, ಸಾಲಿನ ಕಡೆಯಲ್ಲಿ ಎರಡೇ ಪದಗಳಿದ್ದವು: ಬಾಲು, ಒಂದು. ತನಗಾಗಿ ಅವರು ಬರೆದುಕೊಂಡ ಬೇರೆ ಯಾವ ಖರ್ಚೂ ನನಗೆ ಆ ಕಡತದಲ್ಲಿ ಸಿಗಲಿಲ್ಲ.

ಸಂಜೆ ಇಬ್ಬರು ಅಕ್ಕಂದಿರೊಂದಿಗೆ ತಟ್ಟಿಗೆ ಹೋದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸಿ ಉಳಿದ ಸುಣ್ಣವೇ ಇಲ್ಲಿ ಗೆರೆ ಹಾಕುವುದಕ್ಕೆ ಬರುತ್ತಿತ್ತು. ಅಡಿಕೆ ಮರದ ಎರಡು ಕಂಬಗಳ ಮೈಮೇಲೆ ಕತ್ತಿಯಿಂದ ಕಚ್ಚು ಹಾಕಿದ ಗುರುತುಗಳಿವೆ. ಎಲ್ಲಕ್ಕಿಂತ ಮೇಲಿನದು ಗಂಡಸರ ಪಂದ್ಯದ 2.43 ಮೀಟರ್, ಅದರ ಕೆಳಗೆ ಹೆಂಗಸರ 2.24, ಅದಕ್ಕೂ ಕೆಳಗೆ ಯಾವ ನಿಯಮಪುಸ್ತಕದಲ್ಲೂ ಇಲ್ಲದ ಇನ್ನೂ ಮೂರು. ಮಕ್ಕಳು ಹಾರಿದಾಗ ಅಂಗೈ ನೆಟ್ಟಿನ ಮೇಲೆ ಬರಬೇಕು, ಬಾರದಿದ್ದರೆ ಅವರಿಗೆ ಆಟ ಬೇಸರವಾಗುತ್ತದೆ ಎನ್ನುವುದು ಅವರ ವಾದವಾಗಿತ್ತೆಂದು ದೊಡ್ಡಕ್ಕ ಹೇಳಿದಳು. ಅವಳಿಗೆ ಪರೀಕ್ಷೆಯಿದ್ದ ಮಾರ್ಚ್ ತಿಂಗಳುಗಳಲ್ಲಿ ಅಂಕಣದಲ್ಲಿ ಗದ್ದಲವಾಗದಂತೆ ನೆಟ್ಟನ್ನೇ ಬಿಚ್ಚಿಡುತ್ತಿದ್ದರಂತೆ. ಹುಡುಗರು ಬಂದು ಕೇಳಿದರೆ ಏಪ್ರಿಲಿನಲ್ಲಿ ಬನ್ನಿ ಎಂದು ಕಳುಹಿಸುತ್ತಿದ್ದರಂತೆ.

ಕಂಬಗಳ ಬುಡ ಗೆದ್ದಲು ತಿಂದು ಟೊಳ್ಳಾಗಿತ್ತು. ಈ ಮಳೆಗಾಲ ಅವು ನಿಲ್ಲಲಾರವೆಂದು ನಮಗೆ ಮೂವರಿಗೂ ಖಚಿತವಾಯಿತು. ಕುಂಬಳೆಗೆ ಫೋನು ಮಾಡಿದಾಗ ಆ ಹಿರಿಯರು ಕಬ್ಬಿಣದ ಪೈಪು ಹಾಕಿಸೋಣ, ನೆಟ್ಟಿನ ಖರ್ಚು ತನ್ನದು, ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ತಾನೇ ಬಂದು ನಿಲ್ಲಿಸುತ್ತೇನೆಂದರು. ದೊಡ್ಡಕ್ಕ ಒಪ್ಪಿದಳು, ಆದರೆ ಐದೂ ಕಚ್ಚುಗಳಿಗೆ ಸರಿಯಾಗಿ ಪೈಪಿನಲ್ಲಿ ಕೊಂಡಿ ಇರಬೇಕೆಂದು ಷರತ್ತು ಹಾಕಿದಳು. ನಾನು ಅಳತೆಯ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದೆ. ಅವಳು ಕೆಳಗಿನ ಕಚ್ಚಿನಿಂದ ತೊಡಗಿ ಒಂದೊಂದನ್ನೇ ಓದಿ ಹೇಳಿದಳು, ಚಿಕ್ಕಕ್ಕ ಬರೆದುಕೊಂಡಳು.