ಪ್ರತಿಮೆಯ ಹತ್ತು ಬೆರಳುಗಳು

ಮೈಸೂರಿನ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ಯಾರೂ ಬಳಸದ ಸೊಳ್ಳೆಪರದೆಯ ಕೋಲುಗಳ ಪಕ್ಕದಲ್ಲಿ, ಸುರುಳಿ ಸುತ್ತಿಟ್ಟ ಒಂದು ಬಟ್ಟೆಯ ಪಟವಿದೆ. ಆರಡಿ ಉದ್ದದ ಕೋರಾ ಬಟ್ಟೆಯ ಮೇಲೆ, ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಕನಸಿನಲ್ಲಿ ಕಂಡನೆಂದು ಸತ್ಯವೇದದ, ಅಂದರೆ ಬೈಬಲಿನ, ದಾನಿಯೇಲನ ಗ್ರಂಥದ ಎರಡನೆಯ ಅಧ್ಯಾಯ ಹೇಳುವ ಪ್ರತಿಮೆಯನ್ನು ಬಣ್ಣದಲ್ಲಿ ಬರೆಸಲಾಗಿದೆ: ಬಂಗಾರದ ತಲೆ, ಬೆಳ್ಳಿಯ ಎದೆತೋಳು, ತಾಮ್ರದ ಹೊಟ್ಟೆಸೊಂಟ, ಕಬ್ಬಿಣದ ಕಾಲು, ಕಬ್ಬಿಣವೂ ಜೇಡಿಮಣ್ಣೂ ಬೆರೆತ ಪಾದ, ಆ ಪಾದಕ್ಕೆ ಬಡಿದು ಪ್ರತಿಮೆಯನ್ನು ಪುಡಿಮಾಡಲು ಬರುವ ಕಲ್ಲುಗುಂಡು. ಇದನ್ನು ಬರೆಸಿದವರು ನನ್ನ ದೊಡ್ಡಪ್ಪ. ಹಗಲಿನಲ್ಲಿ ರೈಲ್ವೆ ವರ್ಕ್‌ಶಾಪಿನ ಕೆಲಸ, ಶನಿವಾರ ಸಂಜೆ ನಮ್ಮ ನಡುಮನೆಯಲ್ಲಿ ಸತ್ಯವೇದ ಅಧ್ಯಯನ, ಇದು ಅವರ ಜೀವನದ ಕ್ರಮವಾಗಿತ್ತು. ಬರೆದವನು ಮಂಡಿ ಮೊಹಲ್ಲಾದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಒಬ್ಬ ಪೇಂಟರು. ಸತ್ಯವೇದವನ್ನು ಕಂಡವನಲ್ಲವಾದರೂ ರಾಜನೆಂದರೆ ಹೇಗಿರಬೇಕೆಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಬಾಬೆಲಿನ ಪ್ರತಿಮೆಯ ಬಂಗಾರದ ತಲೆಗೆ ಒಂದು ಸೊಗಸಾದ ಮೈಸೂರು ಪೇಟವೂ ಹುರಿಮಾಡಿದ ಮೀಸೆಯೂ ಬಂದಿವೆ.

ಪಟ ಸಿದ್ಧವಾದದ್ದು 1982ರಲ್ಲಿ. ಪ್ರತಿಮೆಯ ಒಂದೊಂದು ಭಾಗವೂ ಒಂದರ ನಂತರ ಒಂದು ಬರುವ ಸಾಮ್ರಾಜ್ಯವೆಂದು ತಲೆಯ ಪಕ್ಕದಲ್ಲಿ ಬಾಬೆಲ್, ಎದೆಯ ಪಕ್ಕದಲ್ಲಿ ಮೇದ್ಯ ಮತ್ತು ಪಾರಸಿಯ, ಹೊಟ್ಟೆಯ ಪಕ್ಕದಲ್ಲಿ ಗ್ರೀಸ್, ಕಾಲಿನ ಪಕ್ಕದಲ್ಲಿ ರೋಮ್ ಎಂದು ಬರೆದಿತ್ತು. ಅತ್ಯಂತ ಮುಖ್ಯವಾದ ಭಾಗ ಎಲ್ಲಕ್ಕಿಂತ ಕೆಳಗಿತ್ತು: ಕಾಲಿನ ಹತ್ತು ಬೆರಳುಗಳ ಮೇಲೆ ಹತ್ತು ದೇಶಗಳ ಹೆಸರುಗಳು. 1957ರಲ್ಲಿ ಆರು ದೇಶಗಳು ಸೇರಿ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಒಪ್ಪಂದಕ್ಕೆ ರೋಮ್ ನಗರದಲ್ಲೇ ಸಹಿ ಹಾಕಿದ್ದವು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿ ಒಂಬತ್ತಾದವು. 1981ರ ಜನವರಿ 1ರಂದು ಗ್ರೀಸ್ ಸೇರಿ ಹತ್ತಾಯಿತು. ರೋಮ್ ಸಾಮ್ರಾಜ್ಯ ಹತ್ತು ರಾಜ್ಯಗಳಾಗಿ ಮತ್ತೆ ತಲೆಯೆತ್ತುವುದೆಂದೂ, ಅವುಗಳ ನಡುವಿನಿಂದ ಕ್ರಿಸ್ತವಿರೋಧಿ ಏಳುವನೆಂದೂ ಕಾಯುತ್ತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ. ಆಗ ಹನ್ನೆರಡು ವರ್ಷದವಳಾಗಿದ್ದ ನಾನು ಬೆತ್ತ ಹಿಡಿದು ಪಟದ ಪಕ್ಕ ನಿಂತು, ದೊಡ್ಡಪ್ಪ ಹೇಳುತ್ತ ಹೋದಂತೆ ಒಂದೊಂದು ಬೆರಳನ್ನು ಮುಟ್ಟಿ ತೋರಿಸುತ್ತಿದ್ದೆ. ಆ ಕೆಲಸ ನನಗೆ ಬಹಳ ಹೆಮ್ಮೆಯದಾಗಿತ್ತು.

1986ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಸೇರಿದವು. ದೊಡ್ಡಪ್ಪ ಪೇಂಟರನ್ನು ಕರೆಸಿದರು. ಅವನು ಪಟದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೆರಳುಗಳನ್ನು ಎರಡು ಸಲ ಎಣಿಸಿ, "ಕಾಲಿಗಿರೋದು ಹತ್ತೇ ಬೆರಳಲ್ವಾ ಸಾರ್, ಇನ್ನೆರಡನ್ನ ಎಲ್ಲಿ ಬರೀಲಿ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಕುಚೋದ್ಯವೇನೂ ಇರಲಿಲ್ಲ. ಎರಡು ದಿನ ಯೋಚಿಸಿದ ದೊಡ್ಡಪ್ಪ, ಕೊನೆಗೆ ಮೈದಾ ಅಂಟಿನಿಂದ ಹತ್ತು ಬೆರಳುಗಳ ಮೇಲೂ ಬಿಳಿಯ ಕಾಗದದ ಚೂರುಗಳನ್ನು ಅಂಟಿಸಿಬಿಟ್ಟರು. ಅಲ್ಲಿಂದ ಮುಂದೆ ಅವರು "ಹತ್ತು ರಾಜ್ಯಗಳು" ಎನ್ನುತ್ತಿದ್ದರೇ ಹೊರತು ಯಾವ ರಾಜ್ಯಗಳೆಂದು ಹೇಳುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಆ ಅಧ್ಯಾಯವನ್ನು ಪಟದ ನೆರವಿಲ್ಲದೆ ಓದಿದಾಗ ನನಗೆ ತಿಳಿದದ್ದೇನೆಂದರೆ, ಅಲ್ಲಿ ಹತ್ತು ಎಂಬ ಸಂಖ್ಯೆಯೇ ಇಲ್ಲ. ಪಾದಗಳೂ ಬೆರಳುಗಳೂ ಕಬ್ಬಿಣ ಮತ್ತು ಮಣ್ಣಿನದಾಗಿದ್ದವೆಂದು ಮಾತ್ರ ಇದೆ. ಹತ್ತು ಎಂಬುದು ಏಳನೆಯ ಅಧ್ಯಾಯದ ನಾಲ್ಕನೆಯ ಮೃಗದ ಕೊಂಬುಗಳ ಲೆಕ್ಕ. ಅದನ್ನು ತಂದು ಇಲ್ಲಿಯ ಬೆರಳುಗಳಿಗೆ ಹೊಲಿದು, ಎರಡನ್ನೂ ಬೈಬಲಿನ ಕಡೆಯ ಗ್ರಂಥವಾದ ಪ್ರಕಟನೆಯ ಹದಿನೇಳನೆಯ ಅಧ್ಯಾಯದ ಹತ್ತು ಕೊಂಬುಗಳಿಗೆ ಸೇರಿಸಿ ಪಟ ಮಾಡಲಾಗಿತ್ತು. ಮನುಷ್ಯನ ಕಾಲಿಗೆ ಹತ್ತು ಬೆರಳಿರುವುದು ಸಹಜವಾದ್ದರಿಂದ ಈ ಹೊಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತ್ಯಕಾಲದ ವ್ಯಾಖ್ಯಾನಗಳಲ್ಲಿ ನನಗೆ ಕಾಣುವ ಮುಖ್ಯ ತೊಡಕು ಇದು: ವಾಕ್ಯಕ್ಕೆ ವಾಕ್ಯವನ್ನು ಹೊಲಿಯುವಾಗ ಪ್ರತಿಯೊಂದು ತುಂಡೂ ಯಾರಿಗಾಗಿ, ಯಾವ ಕಷ್ಟದಲ್ಲಿ ಬರೆದದ್ದೆಂಬ ವಿಳಾಸ ಕತ್ತರಿಯ ಬಾಯಿಗೆ ಹೋಗುತ್ತದೆ. ದಾನಿಯೇಲನ ಗ್ರಂಥದಲ್ಲಿ ಆ ಹತ್ತು ಕೊಂಬುಗಳ ನಡುವೆ ಏಳುವ ಚಿಕ್ಕ ಕೊಂಬಿನ ಹಿಂದೆ, ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನಿದ್ದಾನೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಆದರೆ ನಮ್ಮ ಪಟದಲ್ಲಿ ಅವನಿಗೆ ಒಂದು ಉಗುರಿನಷ್ಟು ಜಾಗವೂ ಇರಲಿಲ್ಲ.

ದೊಡ್ಡಪ್ಪನ ಲೆಕ್ಕ ಅವರ ಸ್ವಂತದ್ದೇನೂ ಅಲ್ಲ. ನಿವೃತ್ತರಾದ ಒಬ್ಬ ಮೇಷ್ಟರಿಂದ ಬಂದ ಕಪ್ಪು ರಟ್ಟಿನ ಸ್ಕೋಫೀಲ್ಡ್ ಬೈಬಲನ್ನು ಅವರು ನಿಘಂಟು ಇಟ್ಟುಕೊಂಡು ಓದುತ್ತಿದ್ದರು. 1909ರಲ್ಲಿ ಮೊದಲು ಅಚ್ಚಾದ ಆ ಆವೃತ್ತಿಯಲ್ಲಿ ದೇವರ ವಾಕ್ಯವೂ ಅಮೆರಿಕದ ಬೋಧಕ ಸ್ಕೋಫೀಲ್ಡನ ಟಿಪ್ಪಣಿಯೂ ಒಂದೇ ಪುಟದ ಮೇಲೆ ಮತ್ತು ಕೆಳಗೆ ಇರುತ್ತವೆ. ವರ್ಷಗಟ್ಟಲೆ ಓದಿದವರಿಗೆ ಯಾವುದು ಯಾವುದೆಂಬ ಗೆರೆ ಅಳಿಸಿಹೋಗುವುದು ಆಶ್ಚರ್ಯವಲ್ಲ. ಟಿಪ್ಪಣಿಗಳ ಹಿಂದಿದ್ದದ್ದು 19ನೆಯ ಶತಮಾನದ ಬ್ರಿಟಿಷ್ ಬೋಧಕ ಜಾನ್ ನೆಲ್ಸನ್ ಡಾರ್ಬಿಯ ಯೋಜನೆ. ವಾರಕ್ಕೆ ಏಳು ವರ್ಷದಂತೆ ಎಣಿಸುವ ದಾನಿಯೇಲನ ಎಪ್ಪತ್ತು ವಾರಗಳಲ್ಲಿ ಅರವತ್ತೊಂಬತ್ತು ಮುಗಿದ ಮೇಲೆ ದೇವರ ಗಡಿಯಾರ ನಿಂತಿದೆ, ಸಭೆಯು, ಅಂದರೆ ಕ್ರಿಸ್ತನ ವಿಶ್ವಾಸಿಗಳು, ಮೇಲಕ್ಕೆ ಎತ್ತಲ್ಪಟ್ಟ ನಂತರವೇ ಅದು ಮತ್ತೆ ಓಡಿ, ಕಡೆಯ ಏಳು ವರ್ಷಗಳ ಮಹಾಸಂಕಟ ಶುರುವಾಗುತ್ತದೆ ಎಂಬುದು ಅದರ ತಿರುಳು. ನಿಂತ ಗಡಿಯಾರಕ್ಕೆ ಒಂದು ಅನುಕೂಲವಿದೆ: ಅದು ತಪ್ಪು ಸಮಯ ತೋರಿಸಿತೆಂದು ಯಾರೂ ದೂರುವಂತಿಲ್ಲ.

ಡಾರ್ಬಿಗಿಂತ ಹಿಂದಿನವರು ಗಡಿಯಾರವನ್ನು ನಿಲ್ಲಿಸದೆ ಎಣಿಸಿದರು. ಆದ್ದರಿಂದ ಅವರ ಸೋಲು ಬಯಲಿಗೆ ಬಿತ್ತು. ಅವರ ಸೂತ್ರ ಒಂದು ದಿನಕ್ಕೆ ಒಂದು ವರ್ಷ ಎಂಬುದಾಗಿತ್ತು. ಬೈಬಲಿನ ಅರಣ್ಯಕಾಂಡ ಮತ್ತು ಯೆಹೆಜ್ಕೇಲ ಗ್ರಂಥಗಳ ಒಂದೊಂದು ವಾಕ್ಯ ಇದಕ್ಕೆ ಆಧಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬೇಸಾಯಗಾರನಾಗಿದ್ದ ವಿಲಿಯಂ ಮಿಲ್ಲರ್, ದಾನಿಯೇಲನ ಎಂಟನೆಯ ಅಧ್ಯಾಯದ 2300 ದಿನಗಳನ್ನು 2300 ವರ್ಷಗಳೆಂದು ತೆಗೆದುಕೊಂಡು, ಪಾರಸಿಯ ಅರಸ ಅರ್ತಷಸ್ತನು ಎಜ್ರನಿಗೆ ಅಪ್ಪಣೆ ಕೊಟ್ಟ ವರ್ಷವೆಂದು ಹೇಳಲಾಗುವ ಕ್ರಿ.ಪೂ. 457ರಿಂದ ಕ್ರಿಸ್ತನು ಮತ್ತೆ ಬರುವ ಕಾಲವನ್ನು ಎಣಿಸಿದ. 1843 ಬಂತು. ಆ ಎಣಿಕೆಯ ವರ್ಷ ಕಳೆದರೂ ಕ್ರಿಸ್ತನು ಬರಲಿಲ್ಲ. ಕ್ರಿ.ಪೂ. ಮತ್ತು ಕ್ರಿ.ಶ.ಗಳ ನಡುವೆ ಸೊನ್ನೆಯ ವರ್ಷವಿಲ್ಲವೆಂಬುದನ್ನು ಸೇರಿಸಿ ಲೆಕ್ಕ ತಿದ್ದಿ, ಅವನ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ಗೊತ್ತುಮಾಡಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟಿದ್ದರಂತೆ. ನನ್ನ ತಾಯಿಯ ಕಡೆಯವರು ಮಂಡ್ಯದ ನಾಲೆಯ ಬಯಲಿನವರಾದ್ದರಿಂದ ಈ ಒಂದು ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ; ತೆನೆ ಬಾಗಿ ನಿಂತ ಗದ್ದೆಗೆ ಕುಡುಗೋಲು ಹಾಕದೆ ಬದುವಿನ ಮೇಲೆ ಕೂತು ಆಕಾಶ ನೋಡುವುದಕ್ಕೆ ಎಂಥ ನಂಬಿಕೆ ಬೇಕೆಂಬುದು ಒಕ್ಕಲು ಮಕ್ಕಳಿಗೆ ಮಾತ್ರ ಅರ್ಥವಾಗುತ್ತದೆ. ಮರುದಿನ ಬೆಳಗಾಯಿತು. ಆ ದಿನವನ್ನು ಚರಿತ್ರೆಯಲ್ಲಿ ಮಹಾ ನಿರಾಶೆಯೆಂದೇ ಕರೆಯುತ್ತಾರೆ.

ಇದೇ ಸೂತ್ರದ ಇನ್ನೊಂದು ಲೆಕ್ಕ ನಮ್ಮ ಊರಿನ ಹತ್ತಿರಕ್ಕೇ ಬರುತ್ತದೆ. ಪ್ರಕಟನೆಯಲ್ಲಿ 1260 ದಿನಗಳು, ನಲವತ್ತೆರಡು ತಿಂಗಳುಗಳು, "ಒಂದುಕಾಲ ಎರಡುಕಾಲ ಅರ್ಧಕಾಲ" ಎಂದು ಮೂರೂವರೆ ವರ್ಷದ ಒಂದೇ ಅವಧಿ ಮೂರು ಬಗೆಯಲ್ಲಿ ಬರುತ್ತದೆ. ಇದನ್ನು 1260 ವರ್ಷಗಳ ಪೋಪರ ಆಳ್ವಿಕೆಯೆಂದು ಓದಿದ ಪ್ರೊಟೆಸ್ಟಂಟರಲ್ಲಿ ಕ್ರಿ.ಶ. 538ರಿಂದ ಎಣಿಸಿದವರಿಗೆ 1798 ಸಿಕ್ಕಿತು. ಅದೇ ವರ್ಷದ ಫೆಬ್ರವರಿಯಲ್ಲಿ ಫ್ರೆಂಚ್ ಸೇನಾಪತಿ ಬೆರ್ತಿಯೇ ರೋಮನ್ನು ಹಿಡಿದು, ಆರನೆಯ ಪಿಯುಸ್ ಪೋಪರನ್ನು ಸೆರೆಯಾಗಿ ಒಯ್ದಿದ್ದನು. ಲೆಕ್ಕ ಕೂಡಿತೆಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಅದರ ಬೆನ್ನಿಗೇ ಇಂಗ್ಲೆಂಡಿನಲ್ಲಿ ನೆಪೋಲಿಯನ್ನನೇ ಪ್ರಕಟನೆಯ ಮೃಗವೆಂದು, ಅವನ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿ ಮೃಗದ ಸಂಖ್ಯೆಯಾದ 666 ತೋರಿಸಿದವರೂ ಹುಟ್ಟಿಕೊಂಡರು. ಆದರೆ 1799ರ ಜನವರಿಯಲ್ಲಿ ಅದೇ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದು, ಇಂಗ್ಲಿಷರ ಕಬ್ಬಿಣದ ನೊಗದಿಂದ ನಿಮ್ಮನ್ನು ಬಿಡಿಸಬೇಕೆಂಬ ಆಸೆಯಿಂದ ಬಂದಿದ್ದೇನೆ ಎಂದು ತಿಳಿಸಿದ್ದನು. ಪತ್ರ ದಾರಿಯಲ್ಲೇ ಬ್ರಿಟಿಷರಿಗೆ ಸಿಕ್ಕಿ ಶ್ರೀರಂಗಪಟ್ಟಣವನ್ನು ಸೇರಲಿಲ್ಲ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತನು. ಅವನ ದೇಹ ಸಿಕ್ಕಿದ ಜಾಗದ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ಸೇರದೆಹೋದ ಆ ಪತ್ರ. ಕೋಟೆಯ ಒಳಗಿನವರಿಗೆ ಬಿಡುಗಡೆ ಕೊಡಲು ಬರುವವನು, ಹೊರಗೆ ತೋಪು ಹೂಡಿದ್ದವರ ನಾಡಿನಲ್ಲಿ ಮೃಗ. ಮೃಗ ಯಾರೆಂಬುದು ಗ್ರಂಥದಿಂದ ಎಷ್ಟು ತೀರ್ಮಾನವಾಯಿತು, ಓದುವವನು ಗೋಡೆಯ ಯಾವ ಕಡೆ ಇದ್ದನೆಂಬುದರಿಂದ ಎಷ್ಟು ಎಂದು ಕೇಳದೆ ಇರಲು ಆಗುವುದಿಲ್ಲ.

ನಮ್ಮ ಸೀಮೆಯವರಿಗೆ ಈ ಬಗೆಯ ಓದು ಹೊಸದಲ್ಲ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂಬ ಅಲಮೇಲಮ್ಮನ ಶಾಪವನ್ನು ಕೇಳುತ್ತಲೇ ಬೆಳೆದವರು ನಾವು. ಮಾತು ಮೊದಲೋ ಮರಳು ಮೊದಲೋ ಎಂದು ತಲಕಾಡಿನ ಮರಳ ಮೇಲೆ ನಡೆಯುವಾಗ ಯಾರೂ ಕೇಳುವುದಿಲ್ಲ.

ಹಾಗಾದರೆ ಪ್ರಕಟನೆಯ ವಿಳಾಸವೇನು? ಅದು ಗ್ರಂಥದ ಮೊದಲ ಅಧ್ಯಾಯದಲ್ಲೇ ಇದೆ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನು ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಊರುಗಳ ಸಭೆಗಳಿಗೆ ಬರೆದ ಕಾಗದವದು. ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ ಆ ಊರುಗಳ ಅವಶೇಷಗಳನ್ನು ನೋಡಬಹುದು. ಹದಿಮೂರನೆಯ ಅಧ್ಯಾಯದ 666 ಎಂಬ ಸಂಖ್ಯೆಯನ್ನು ಬುದ್ಧಿವಂತನು ಎಣಿಸಲಿ ಎಂದು ಯೋಹಾನನು ಬರೆದದ್ದು ಅವರಿಗೆ. ಅವರು ಎಣಿಸಬಲ್ಲರೆಂಬ ಭರವಸೆ ಅವನಿಗಿತ್ತು. ಇಬ್ರಿಯ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿದೆ. ರೋಮಿನ ಚಕ್ರವರ್ತಿ ನೆರೋನ ಹೆಸರನ್ನು ನೆರೋನ್ ಕೈಸರ್ ಎಂದು ಬರೆದರೆ 50, 200, 6, 50, ಆಮೇಲೆ 100, 60, 200, ಕೂಡಿಸಿದರೆ 666. ಲ್ಯಾಟಿನ್ನಿನ ರೂಢಿಯಂತೆ ಕೊನೆಯ ನಕಾರವನ್ನು ಬಿಟ್ಟು ನೆರೋ ಎಂದರೆ ಐವತ್ತು ಕಡಿಮೆಯಾಗಿ 616 ಆಗುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಇರುವುದೂ 616ರ ಪಾಠವೇ. ತಪ್ಪಿದ ಪಾಠವೂ ಅದೇ ಮನುಷ್ಯನ ಕಡೆಗೆ ಕೈತೋರಿಸುವ ಈ ಸಂಗತಿ ನನಗೆ ಇತರ ಎಲ್ಲ ವಾದಗಳಿಗಿಂತ ಬಲವಾಗಿ ಕಂಡಿದೆ. ಹದಿನೆಂಟನೆಯ ಅಧ್ಯಾಯದಲ್ಲಿ ಬಾಬೆಲ್ ಬಿದ್ದಾಗ ವರ್ತಕರು ಅಳುತ್ತ ಹೇಳುವ ಸರಕಿನ ಪಟ್ಟಿಯನ್ನೂ ನಿಧಾನವಾಗಿ ಓದಬೇಕು: ಬಂಗಾರ, ಮುತ್ತು, ರೇಷ್ಮೆ, ದಂತ, ಲವಂಗಚಕ್ಕೆ, ಧೂಪ, ಗೋದಿ, ಕುದುರೆ, ರಥ, ಕಟ್ಟಕಡೆಗೆ ಮನುಷ್ಯರ ಪ್ರಾಣಗಳು. ಅದು ರೋಮ್ ಪಟ್ಟಣ ತರಿಸಿಕೊಳ್ಳುತ್ತಿದ್ದ ಸಾಮಾನು. ಮೃಗದ ಗುರುತಿಲ್ಲದವನು ಕ್ರಯವಿಕ್ರಯ ಮಾಡುವಂತಿಲ್ಲ ಎಂಬ ಮಾತು ಕೈಸರನ ಗುಡಿಯಿದ್ದ ಪೆರ್ಗಮದ ವ್ಯಾಪಾರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆಂದು ನಾನು ಒಮ್ಮೆ ದೊಡ್ಡಪ್ಪನಿಗೆ ಬಹಳ ವಿದ್ವತ್ತಿನಿಂದ ವಿವರಿಸಿದೆ. ಪೂರ್ತಿ ಕೇಳಿ ಅವರು, "ಹಂಗಾದ್ರೆ ಅದು ತಲುಪಿಯಾಗಿರೋ ಕಾಗದ ಅನ್ನಮ್ಮ. ಬೇರೆಯವರ ಮನೆ ಕಾಗದ ನಾವ್ಯಾಕೆ ಓದ್ಬೇಕು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಎಲ್ಲವೂ ನೆರೋನ ಕಾಲಕ್ಕೇ ಮುಗಿಯಿತೆಂದು ಗ್ರಂಥವನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಡುವವರೂ ನನಗೆ ಒಪ್ಪಿಗೆಯಾಗುವುದಿಲ್ಲ. ಕೊಳ್ಳುವುದಕ್ಕೂ ಮಾರುವುದಕ್ಕೂ ಯಾರ ಮುಂದೆ ತಲೆ ಬಾಗಿಸುತ್ತೀ ಎಂಬ ಪ್ರಶ್ನೆ ಪೆರ್ಗಮದಲ್ಲಿ ಮುಗಿದುಹೋಗಿಲ್ಲ.

ಆಧಾರ್ ಬಂದಾಗ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದು ಮೃಗದ ಗುರುತೆಂಬ ಮಾತು ಹಬ್ಬಿ, ದೊಡ್ಡಮ್ಮ ಬರುವುದಿಲ್ಲವೆಂದು ಹಟ ಹಿಡಿದರು. "ಯಂತ್ರದ ಮೇಲೆ ಹತ್ತೂ ಬೆರಳು ಇಡಿಸ್ತಾರಂತೆ, ಹತ್ತೂ ಬೆರಳು" ಎಂದು ಅವರು ಹೇಳಿದ ರೀತಿಯಲ್ಲೇ ನಮ್ಮ ಪಟ ಎಷ್ಟು ಆಳಕ್ಕೆ ಇಳಿದಿದೆಯೆಂದು ನನಗೆ ಗೊತ್ತಾಯಿತು. ದೊಡ್ಡಪ್ಪ ಸತ್ಯವೇದ ತೆಗೆದು ಕನ್ನಡಕ ಹಾಕಿಕೊಂಡು, "ಬಲಗೈ ಮೇಲೋ ಹಣೆ ಮೇಲೋ ಅಂತ ಬರೆದಿದೆ. ಹತ್ತು ಬೆರಳು ಅಂತ ಎಲ್ಲಿದೆ, ತೋರಿಸು" ಎಂದರು. ಹತ್ತು ಎಂಬುದು ಅಲ್ಲಿ ಇಲ್ಲವೆಂದು ಅವರ ಬಾಯಿಂದ ಕೇಳಿ ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಮರುದಿನ ಇಬ್ಬರೂ ಆಟೋದಲ್ಲಿ ಹೋಗಿ ಬೆರಳೊತ್ತಿ ಬಂದರು.

2014ರಲ್ಲಿ ದೊಡ್ಡಪ್ಪ ತೀರಿಕೊಂಡರು. ಮಣ್ಣಿಗೆ ಇಡುವಾಗ ಸಭಾಪಾಲಕರು ಓದಿದ್ದು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯ. ಕರ್ತನು ಇಳಿದು ಬರುವನು, ಉಳಿದಿರುವ ನಾವು ಮೇಘಗಳಲ್ಲಿ ಒಯ್ಯಲ್ಪಡುವೆವು ಎಂಬ ಆ ವಾಕ್ಯಗಳು ನಮ್ಮ ಪಟದ ಮೇಲ್ತುದಿಯಲ್ಲಿ ಕೆಂಪು ಬಾಣದ ಪಕ್ಕ ಇವೆ; ನಾನು ಬೆತ್ತದಿಂದ ನೂರು ಸಲವಾದರೂ ಅವುಗಳನ್ನು ಮುಟ್ಟಿದ್ದೇನೆ. ಅಂದು ಮಣ್ಣಿನ ಗುಡ್ಡೆಯ ಪಕ್ಕ ನಿಂತು ಕೇಳಿದಾಗ ಮಾತ್ರ, ಪೌಲನು ಅದನ್ನು ಬರೆದದ್ದು ಕಾಲದ ಲೆಕ್ಕ ಕೇಳಿದವರಿಗಲ್ಲ, ಕ್ರಿಸ್ತನು ಬರುವ ಮೊದಲೇ ಮನೆಯವರು ಸತ್ತುಹೋದರಲ್ಲ, ಅವರ ಗತಿಯೇನು ಎಂದು ಅಳುತ್ತಿದ್ದವರಿಗೆ ಎಂಬುದು ನನ್ನ ಕಿವಿಗೆ ಬಿತ್ತು. ಬಾಣದ ಪಕ್ಕದಲ್ಲಿ ಹದಿನಾರು ಮತ್ತು ಹದಿನೇಳನೆಯ ವಾಕ್ಯಗಳಷ್ಟೇ ಇವೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂಬ ಹದಿನೆಂಟನೆಯದನ್ನು ಪೇಂಟರಿಗೆ ಬರೆದುಕೊಟ್ಟಿರಲಿಲ್ಲ.

ಹೋದ ತಿಂಗಳು ಅಟ್ಟ ಗುಡಿಸುವಾಗ ಪಟವನ್ನು ಬಿಚ್ಚಿದೆ. ಪೇಟದ ಹಳದಿ ಬಣ್ಣ ಹೊಸದರಂತೆಯೇ ಇದೆ. ಮೈದಾ ಅಂಟನ್ನು ಹುಳು ತಿಂದು, ಬೆರಳುಗಳ ಮೇಲಿನ ಕಾಗದಗಳೆಲ್ಲ ಉದುರಿ ಸುರುಳಿಯ ಒಳಗೇ ಬಿದ್ದಿದ್ದವು. ಬ್ರಿಟನ್ ಎಂಬ ಹೆಸರು ಹೆಬ್ಬೆರಳಿನ ಮೇಲೆ ದಪ್ಪಕ್ಷರದಲ್ಲಿ ಹಾಗೆಯೇ ಇದೆ. ಎಡಗಾಲಿನ ಕಿರುಬೆರಳಿನ ಮೇಲೆ ಲಕ್ಸೆಂಬರ್ಗ್ ಎಂದು ಬರೆಯಲು ಜಾಗ ಸಾಲದೆ, ಪೇಂಟರು ಲಕ್ಸೆಂ ಎಂಬುದನ್ನು ಬೆರಳಿಗೂ, ಬರ್ಗ್ ಎಂಬುದನ್ನು ಪಕ್ಕದಲ್ಲಿ ಉರುಳಿಕೊಂಡು ಬರುತ್ತಿರುವ ಕಲ್ಲುಗುಂಡಿಗೂ ಬರೆದಿದ್ದಾನೆ. ಬೆತ್ತ ಹಿಡಿದು ಅಷ್ಟು ವರ್ಷ ಅದರ ಪಕ್ಕದಲ್ಲೇ ನಿಂತಿದ್ದರೂ ನಾನು ಅದನ್ನು ನೋಡಿರಲಿಲ್ಲ.